ಮಣ್ಣೆತ್ತು: ಮಗು ಮಾಡಿಕೊಡುವ ಉಡುಗೊರೆಯ ಚರಿತ್ರೆ

ಮಗುವಿಗೆ ಏನು ಕೊಡಿಸಬೇಕು ಅಂತ ಯೋಚಿಸಿದಾಗ ಎಲ್ಲರಿಗೂ ಮೊದಲು ನೆನಪಾಗುವುದು ಅಂಗಡಿ. ಮಗು ತಾನೇ ಏನು ಮಾಡಿಕೊಡಬಲ್ಲದು ಅಂತ ಯೋಚಿಸುವವರು ಕಡಿಮೆ. ಆದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಅದಕ್ಕೆಂದೇ ವರ್ಷದಲ್ಲಿ ಒಂದು ದಿನ ಇದೆ. ಅದು ಮಣ್ಣೆತ್ತಿನ ಅಮಾವಾಸ್ಯೆ.

ಜ್ಯೇಷ್ಠ ಮಾಸದ ಕೊನೆಗೆ ಬರುವ ಹಬ್ಬ ಇದು. ಅದಕ್ಕೆ ಹದಿನೈದು ದಿನ ಮೊದಲು ಕಾರ ಹುಣ್ಣಿಮೆ. ಅಂದು ನಿಜವಾದ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ, ಸಂಜೆಗೆ ಕರಿ ಹರಿಯುತ್ತಾರೆ. ಅದು ದೊಡ್ಡವರ ಹಬ್ಬ. ಅಮಾವಾಸ್ಯೆ ಬಂದಾಗ ಸರದಿ ಮಕ್ಕಳದು. ಮುಂಗಾರಿಗೆ ಹಸಿಯಾದ ಮಣ್ಣು ತಂದು, ಅಜ್ಜಿಯ ಅಥವಾ ಅವ್ವನ ಪಕ್ಕ ಕುಳಿತು, ಮಕ್ಕಳು ಜೋಡೆತ್ತು ಮಾಡುತ್ತಾರೆ. ಮೇವು ಹಾಕಲು ಒಂದು ಗ್ವಾದಲಿಯನ್ನೂ ಮಾಡುತ್ತಾರೆ. ಅವನ್ನು ಜಗುಲಿಯ ಮೇಲಿಟ್ಟು ಪೂಜೆ ಮಾಡಿ, ಹೋಳಿಗೆಯನ್ನೋ ಕಡುಬನ್ನೋ ಎಡೆ ಹಿಡಿಯುತ್ತಾರೆ.

ಮಗು ಮಾಡಿದ ವಸ್ತುವಿನ ಮುಂದೆ ಮನೆಯ ಹಿರಿಯರೆಲ್ಲ ಕೈ ಮುಗಿಯುವ ದಿನ ವರ್ಷದಲ್ಲಿ ಇನ್ನೆಷ್ಟಿವೆ? ಆ ಪುಟ್ಟ ಎತ್ತಿನ ಹಿಂದೆ ಇರುವ ಚರಿತ್ರೆಯನ್ನು ಈ ಸಲ ನಾವು ಹುಡುಕಿದೆವು. ಅದು ಸಾವಿರಾರು ವರ್ಷ ಹಿಂದಕ್ಕೆ ಹೋಗುತ್ತದೆ.

ಸಿಂಧೂ ಬಯಲಿನ ಬಂಡಿ, ಬಳ್ಳಾರಿಯ ಗುಡ್ಡದ ಎತ್ತು

1920ರ ದಶಕದಲ್ಲಿ ಹರಪ್ಪ ಮತ್ತು ಮೊಹೆಂಜೊದಾರೊಗಳಲ್ಲಿ ಅಗೆದಾಗ ಇಟ್ಟಿಗೆಯ ಮನೆಗಳು, ಬಾವಿಗಳು, ಚರಂಡಿಗಳು ಸಿಕ್ಕವು. ಅವುಗಳ ಜೊತೆಗೆ ಸುಟ್ಟ ಮಣ್ಣಿನ ಪುಟ್ಟ ಆಟಿಕೆಗಳೂ ಸಿಕ್ಕವು. ಗಾಲಿಯ ಬಂಡಿಗಳು, ಹಕ್ಕಿಯಾಕಾರದ ಪೀಪಿಗಳು, ದಾರ ಎಳೆದರೆ ತಲೆ ಅಲ್ಲಾಡಿಸುವ ಎತ್ತುಗಳು. ಅವಕ್ಕೆ ಸುಮಾರು 4500 ವರ್ಷ ವಯಸ್ಸು. ಆ ಬಂಡಿಗಳನ್ನು ನೋಡಿಯೇ ಆ ಕಾಲದವರು ಎಂಥ ಬಂಡಿ ಹೂಡುತ್ತಿದ್ದರು ಅಂತ ವಿದ್ವಾಂಸರು ತಿಳಿದುಕೊಂಡರು. ಮರದ ದೊಡ್ಡ ಬಂಡಿಗಳು ಕೊಳೆತು ಮಣ್ಣಾದವು. ಮಕ್ಕಳ ಮಣ್ಣಿನ ಬಂಡಿ ಉಳಿಯಿತು.

ನಮ್ಮ ಕಡೆಗೂ ಎತ್ತಿನ ಕಥೆ ಹಳೆಯದೇ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನೂತನ ಶಿಲಾಯುಗದ ಜನ ಬಾಳಿದ್ದರು. ಅವರು ದನಗಾರರು. ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೋಡಿನ, ಇಣಿ ಇರುವ ಎತ್ತುಗಳನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಅದೇ ಜಿಲ್ಲೆಯ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬ ಇದೆ. ಅದು ಸಗಣಿಯ ರಾಶಿ ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಎಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಈ ದನಗಾರರ ಬಗ್ಗೆ 1963ರಲ್ಲಿ ಪುಸ್ತಕ ಬರೆದ ರೇಮಂಡ್ ಆಲ್‌ಚಿನ್ ಎಂಬ ಪುರಾತತ್ವಜ್ಞರು, ಆ ಕಾಲದ ಬೆಂಕಿಯ ಆಚರಣೆಗಳನ್ನು ಈಗಿನ ನಮ್ಮ ದನದ ಹಬ್ಬಗಳ ಜೊತೆಗಿಟ್ಟು ನೋಡಿದ್ದರು.

ಹಾಗಂತ ಕಪ್ಪಗಲ್ಲಿನ ಎತ್ತಿನಿಂದ ನಮ್ಮ ಜಗುಲಿಯ ಎತ್ತಿಗೆ ನೇರ ಗೆರೆ ಎಳೆಯಲು ಬರುವುದಿಲ್ಲ. ನಡುವೆ ಎಷ್ಟೋ ಜನ ಬಂದರು, ಎಷ್ಟೋ ಪದ್ಧತಿ ಬದಲಾದವು. ಆದರೆ ನೆಲ ಅದೇ, ಪ್ರಾಣಿ ಅದೇ. ಎತ್ತಿನ ಜೊತೆ ಬಾಳಿದ ಜನ ಅದರ ರೂಪವನ್ನು ಕೈಯಾರೆ ಮೂಡಿಸುತ್ತ ಬಂದಿದ್ದಾರೆ.

ಬಂಗಾರದ ಬಂಡಿಗೆ ಅತ್ತ ಹುಡುಗ

ಮಕ್ಕಳ ಆಟಿಕೆ ಒಂದು ಇಡೀ ನಾಟಕಕ್ಕೆ ಹೆಸರು ಕೊಟ್ಟದ್ದೂ ಉಂಟು. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’. ಆ ಹೆಸರಿನ ಅರ್ಥ ಮಣ್ಣಿನ ಬಂಡಿ. ಗಿರೀಶ ಕಾರ್ನಾಡರು 1984ರಲ್ಲಿ ಇದೇ ಕಥೆಯನ್ನು ಆಧರಿಸಿ ‘ಉತ್ಸವ್’ ಎಂಬ ಹಿಂದಿ ಸಿನಿಮಾ ಮಾಡಿದರು.

ನಾಟಕದಲ್ಲಿ ಚಾರುದತ್ತ ದಾನ ಮಾಡಿ ಮಾಡಿ ಬಡವನಾದವನು. ಅವನ ಪುಟ್ಟ ಮಗ ರೋಹಸೇನ ನೆರೆಮನೆಯ ಹುಡುಗನ ಬಂಗಾರದ ಬಂಡಿಯ ಜೊತೆ ಆಡಿರುತ್ತಾನೆ. ಆ ಹುಡುಗ ಬಂಡಿಯನ್ನು ವಾಪಸ್ ಒಯ್ಯುತ್ತಾನೆ. ಮನೆಯ ದಾಸಿ ರದನಿಕೆ ಮಣ್ಣಿನ ಬಂಡಿ ಮಾಡಿಕೊಡುತ್ತಾಳೆ. ಹುಡುಗ ಬೇಡವೆಂದು ಅಳುತ್ತಾನೆ. ಅದನ್ನು ನೋಡಿದ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಬಂಗಾರದ ಬಂಡಿ ಮಾಡಿಸಿಕೋ ಎನ್ನುತ್ತಾಳೆ.

ಮುಂದೆ ಏನಾಗುತ್ತದೆ? ಅವೇ ಒಡವೆಗಳು ನ್ಯಾಯಸ್ಥಾನದಲ್ಲಿ ಚಾರುದತ್ತನ ಗೆಳೆಯನ ಕೈಯಿಂದ ಉದುರಿ ಬೀಳುತ್ತವೆ. ವಸಂತಸೇನೆಯನ್ನು ಕೊಂದು ಒಡವೆ ಕದ್ದ ಎಂಬ ಸುಳ್ಳು ಆರೋಪಕ್ಕೆ ಅವೇ ಸಾಕ್ಷಿಯಾಗುತ್ತವೆ. ಚಾರುದತ್ತನಿಗೆ ಮರಣದಂಡನೆಯಾಗುತ್ತದೆ. ವಸಂತಸೇನೆ ಜೀವಂತವಾಗಿ ಬಂದು ನಿಂತ ಮೇಲೆಯೇ ಅವನು ಉಳಿಯುವುದು.

ಈ ಕಥೆ ಓದಿದಾಗ ನಮಗೆ ರೋಹಸೇನನ ಮೇಲೆ ಸಿಟ್ಟು ಬರಲಿಲ್ಲ. ನೆರೆಮನೆಯ ವಸ್ತು ಬೇಕೆಂದು ಅಳುವ ಮಗು ಎಲ್ಲ ಊರಲ್ಲೂ ಇದೆ, ಎಲ್ಲ ಕಾಲದಲ್ಲೂ ಇತ್ತು. ಆದರೆ ಒಂದು ವ್ಯತ್ಯಾಸ ಕಾಣಿಸಿತು. ಆ ಬಂಡಿಯನ್ನು ರದನಿಕೆ ಅವನಿಗಾಗಿ ಮಾಡಿಕೊಟ್ಟಳು. ಅವನು ಅದನ್ನು ಮಾಡಿರಲಿಲ್ಲ. ತಾನೇ ಮಣ್ಣು ಕಲಸಿ ಗಾಲಿ ತಟ್ಟಿದ್ದರೆ ಅಷ್ಟು ಸುಲಭಕ್ಕೆ ಬೇಡ ಅನ್ನುತ್ತಿದ್ದನೇ?

ಕುಂಬಾರರ ಎತ್ತು, ಮಗುವಿನ ಎತ್ತು

ನಮ್ಮ ಊರುಗಳಲ್ಲಿ ಎಲ್ಲ ಎತ್ತುಗಳನ್ನೂ ಮಕ್ಕಳೇ ಮಾಡುತ್ತಿದ್ದರು ಅಂತಲ್ಲ. ಕುಂಬಾರರು ಊರಿನ ಆಯಗಾರರಲ್ಲಿ ಒಬ್ಬರು. ಅಮಾವಾಸ್ಯೆಗೆ ಅವರು ಮನೆಮನೆಗೆ ಜೋಡೆತ್ತು ಕೊಡುವುದು, ಮನೆಯವರು ಮರದ ತುಂಬ ಜೋಳ ಹಾಕುವುದು ಹಲವು ಕಡೆ ನಡೆದುಬಂದ ಪದ್ಧತಿ. ರೊಕ್ಕದ ವ್ಯವಹಾರ ಅದಾಗಿರಲಿಲ್ಲ. ಸುಗ್ಗಿಯಲ್ಲಿ ಕೊಡುವ ಆಯದ ಹಾಗೆ, ಇದೂ ಒಂದು ಕೊಡು-ಕೊಳ್ಳುವ ಸಂಬಂಧ.

ಕುಂಬಾರರ ಎತ್ತು ನುಣುಪಾಗಿ, ಅಳತೆಯಲ್ಲಿ ಇರುತ್ತಿತ್ತು. ಮಗುವಿನ ಎತ್ತಿಗೆ ಒಂದು ಕೋಡು ಗಿಡ್ಡ, ಒಂದು ಕಾಲು ಸೊಟ್ಟ. ಆದರೂ ಎರಡೂ ಒಂದೇ ಜಗುಲಿಯ ಮೇಲೆ ಕೂರುತ್ತಿದ್ದವು. ಇದರಲ್ಲಿ ಒಂದು ತಿಳಿವಳಿಕೆ ಇದೆ. ಕಸುಬುದಾರರ ಕೆಲಸಕ್ಕೆ ಅದರ ಮರ್ಯಾದೆ. ಕಲಿಯುವವರ ಕೆಲಸಕ್ಕೆ ಅದರದೇ ಜಾಗ.

ಹಬ್ಬದ ಮರುದಿನದ ಪದ್ಧತಿ ಇನ್ನೂ ಚಂದ. ಹಲವು ಊರುಗಳಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು ಮಣ್ಣಿನ ಒಂದು ಕುಂಟೆತ್ತನ್ನು ಹಿಡಿದು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಜೋಳ, ಬೆಲ್ಲ, ಚಿಲ್ಲರೆ, ಸಿಕ್ಕಿದ್ದನ್ನೆಲ್ಲ ಕೂಡಿಸಿ ಹಂಚಿಕೊಳ್ಳುತ್ತಾರೆ. ಕೊನೆಗೆ ಎತ್ತನ್ನು ಹಳ್ಳಕ್ಕೋ ಕೆರೆಗೋ ಬಿಡುತ್ತಾರೆ. ಮಣ್ಣು ಮಣ್ಣಿಗೆ ಸೇರುತ್ತದೆ. ವಿದರ್ಭದ ಕಡೆ ಪೋಳಾ ಹಬ್ಬದ ಮರುದಿನ ‘ತಾನ್ಹಾ ಪೋಳಾ’ ನಡೆಯುತ್ತದೆ. ಅಲ್ಲಿ ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿಕೊಂಡು ಮನೆಮನೆಗೆ ಹೋಗುತ್ತಾರೆ.

ಮಣ್ಣೆತ್ತು ಒಂಟಿಯೂ ಅಲ್ಲ. ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ ಮತ್ತು ಜೋಕುಮಾರ. ಮಳೆಗಾಲದುದ್ದಕ್ಕೂ ಮಣ್ಣು ರೂಪ ಬದಲಿಸುತ್ತ ಹೋಗುತ್ತದೆ. ಮುಂದೆ ವಿಜಯದಶಮಿಗೆ ಬನ್ನಿ ಎಲೆಯನ್ನು ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವ ಮಗು, ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಿಡಿದು ಓಣಿ ಸುತ್ತುವ ಮಗು. ಈ ಎಲ್ಲದರಲ್ಲೂ ಮಗು ಕೊಡುವ ಜಾಗದಲ್ಲಿ ನಿಂತಿದೆ. ಅದರ ಕೈಯಲ್ಲಿರುವ ವಸ್ತುವಿಗೆ ಸಂತೆಯಲ್ಲಿ ಬೆಲೆ ಅಷ್ಟಕ್ಕಷ್ಟೆ. ಆದರೆ ಅದನ್ನು ಬೇಡ ಅನ್ನುವವರು ಯಾರೂ ಇಲ್ಲ.

ಶಾಲೆಗೆ ಬಂದ ಕೈಕೆಲಸ

ಸಣ್ಣ ಮಕ್ಕಳು ಕೈಯಿಂದಲೇ ಕಲಿಯುತ್ತಾರೆ ಎಂಬುದನ್ನು ಶಾಲೆಗಳು ಒಪ್ಪಿಕೊಂಡದ್ದು ತಡವಾಗಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಅಲ್ಲಿ ಆಟದ ಸಾಮಾನುಗಳಿಗೆ ಅವರು ಕೊಟ್ಟ ಹೆಸರೇ ‘ಉಡುಗೊರೆ’. ಮೊದಲ ಉಡುಗೊರೆ ಬಣ್ಣಬಣ್ಣದ ಉಣ್ಣೆ ದಾರದ ಚೆಂಡುಗಳು. ಜೊತೆಗೆ ಕಾಗದ ಮಡಚುವುದು, ಹೆಣೆಯುವುದು, ಮಣ್ಣಿನಲ್ಲಿ ರೂಪ ಮಾಡುವುದು. ಇಷ್ಟು ನಿರುಪದ್ರವಿ ಶಾಲೆಗಳನ್ನೂ ಪ್ರಷ್ಯಾದ ಸರ್ಕಾರ 1851ರಲ್ಲಿ ನಿಷೇಧಿಸಿತು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಫ್ರೋಬೆಲ್ ತೀರಿಕೊಂಡಿದ್ದರು.

ನಮ್ಮಲ್ಲಿ 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಕೈಕಸುಬಿನ ಮೂಲಕವೇ ಎಲ್ಲ ವಿಷಯ ಕಲಿಸಬೇಕು ಎಂದು ಗಾಂಧೀಜಿ ಅಲ್ಲಿ ವಾದಿಸಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಅದೇ ನಯೀ ತಾಲೀಮ್, ಮೂಲ ಶಿಕ್ಷಣ. ಸ್ವಾತಂತ್ರ್ಯ ಬಂದ ಮೇಲೆ ಆ ಯೋಜನೆ ನಿಧಾನವಾಗಿ ಬದಿಗೆ ಸರಿಯಿತು. ಕೈಕೆಲಸ ಎಂದರೆ ಓದು ಹತ್ತದವರ ಪಾಲು ಎಂಬ ಭಾವನೆ ಹಳ್ಳಿಗಳಲ್ಲೂ ಬೇರು ಬಿಟ್ಟಿತು.

ಈಗ ಏನಾಗಿದೆ

ಈಗ ಸಂತೆಗಳಲ್ಲಿ ಅಚ್ಚಿಗೆ ಹಾಕಿ ತೆಗೆದು, ಹೊಳೆಯುವ ಬಣ್ಣ ಬಳಿದ ಎತ್ತುಗಳು ಬರುತ್ತಿವೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನವೂ ಇವೆ. ಅವು ನೀರಿನಲ್ಲಿ ಬೇಗ ಕರಗುವುದಿಲ್ಲ. ಬಣ್ಣದ ವಿಷ ಕೆರೆಗೆ ಸೇರುತ್ತದೆ. ಗಣಪನ ವಿಷಯದಲ್ಲಿ ನಾವು ಕೇಳಿ ಕೇಳಿ ಬಲ್ಲ ಈ ಮಾತು ಎತ್ತಿಗೂ ಅನ್ವಯಿಸುತ್ತದೆ. ತಿಗರಿ ನಂಬಿದ ಕುಂಬಾರರಿಗೂ ಇದರಿಂದ ಪೆಟ್ಟು.

ಅದಕ್ಕಿಂತ ದೊಡ್ಡ ಬದಲಾವಣೆ ಕೊಟ್ಟಿಗೆಯಲ್ಲಿ ಆಗಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದ ಹೋರಿ-ಎತ್ತುಗಳ ಸಂಖ್ಯೆ ಸುಮಾರು 6.8 ಕೋಟಿ. 2019ರ ಗಣತಿಯಲ್ಲಿ ಅದು ಸುಮಾರು 4.7 ಕೋಟಿಗೆ ಇಳಿಯಿತು. ಏಳು ವರ್ಷದಲ್ಲಿ ಶೇಕಡಾ 30ರಷ್ಟು ಕಡಿಮೆ. ಅದೇ ಅವಧಿಯಲ್ಲಿ ಆಕಳುಗಳ ಸಂಖ್ಯೆ ಹೆಚ್ಚಿದೆ. ಅಂದರೆ ಹಾಲಿಗೆ ದನ ಬೇಕು, ಹೊಲಕ್ಕೆ ಬೇಡ. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ಎತ್ತು ಕಟ್ಟಿ ಮೇಯಿಸುವ ಖರ್ಚು, ಆಳಿನ ತೊಂದರೆ ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಆದರೆ ಇದರ ಪರಿಣಾಮ ಮಗುವಿನ ಮಣ್ಣೆತ್ತಿನ ಮೇಲೂ ಆಗುತ್ತದೆ. ಇಣಿ ಎಲ್ಲಿರುತ್ತದೆ, ಗಂಗೆದೊಗಲು ಹೇಗೆ ಇಳಿಬೀಳುತ್ತದೆ, ಮಲಗಿದ ಎತ್ತು ಕಾಲು ಹೇಗೆ ಮಡಚುತ್ತದೆ ಅಂತ ಮೊದಲಿನ ಮಕ್ಕಳು ಕೊಟ್ಟಿಗೆ ನೋಡಿ ಕಲಿತಿದ್ದರು. ಈಗಿನ ಎಷ್ಟೋ ಮಕ್ಕಳಿಗೆ ಅಜ್ಜ-ಅಜ್ಜಿ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಹಿರಿಯರೂ ಎಷ್ಟು ದಿನ ಇರುತ್ತಾರೆ? ಅದಕ್ಕೇ ಹೇಳುತ್ತೇವೆ, ಸಂತೆಯಿಂದ ಜೋಡೆತ್ತು ತಂದು ಕೊಟ್ಟರೆ ಹಬ್ಬ ಆಗುತ್ತದೆ. ಆದರೆ ಅಜ್ಜಿಯ ಬೆರಳಿನಿಂದ ಮೊಮ್ಮಗುವಿನ ಬೆರಳಿಗೆ ದಾಟಬೇಕಾದದ್ದು ದಾಟುವುದಿಲ್ಲ.

ಮಾಡುವುದು ಹೀಗೆ

ಮೂರು-ನಾಲ್ಕು ವರ್ಷದ ಮಗುವಿನ ಜೊತೆಗೂ ಇದನ್ನು ಮಾಡಬಹುದು. ಕೆರೆಯ ಜಿಗುಟು ಮಣ್ಣಾಗಲಿ ಎರೆ ಮಣ್ಣಾಗಲಿ ತನ್ನಿ. ಔಷಧಿ ಸಿಂಪಡಿಸಿದ ಹೊಲದ ಮಣ್ಣು ಬೇಡ. ಕಲ್ಲು, ಗಾಜು, ಮುಳ್ಳು ಆರಿಸಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ನಾದುವ ಕೆಲಸ ಮಗುವಿಗೇ ಬಿಡಿ. ಅದಕ್ಕೆ ಅತಿ ಇಷ್ಟವಾಗುವ ಕೆಲಸವೇ ಅದು.

ಒಂದು ಉದ್ದನೆಯ ಉಂಡೆ ಮೈಗೆ. ಬೆನ್ನ ಮೇಲೆ ಚಿವುಟಿ ಎತ್ತಿದರೆ ಇಣಿ. ಮುಂದೆ ಎಳೆದರೆ ಕತ್ತು, ತಲೆ. ಕಾಲುಗಳನ್ನು ಬೇರೆ ಮಾಡಿ ಅಂಟಿಸುವುದಕ್ಕಿಂತ ಅದೇ ಉಂಡೆಯಿಂದ ಕೆಳಗೆ ಎಳೆದರೆ ಗಟ್ಟಿಯಾಗಿ ನಿಲ್ಲುತ್ತವೆ. ಬೇರೆ ಮಾಡಿದರೆ ಕೂಡಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ನೀರು ಹಚ್ಚಿ ಒತ್ತಬೇಕು. ಕಣ್ಣಿಗೆ ಜೋಳದ ಕಾಳು ಸಾಕು. ತೀರಾ ಸಣ್ಣ ಮಕ್ಕಳು ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತವೆ, ಆಗ ಕಾಳಿನ ಬದಲು ಕಡ್ಡಿಯಿಂದ ಚುಚ್ಚಿದರಾಯಿತು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲಿ ಒಣಗಿಸಿ. ಬಣ್ಣ ಬೇಕೆಂದರೆ ಸುಣ್ಣವನ್ನು ಮಗುವಿನ ಕೈಗೆ ಕೊಡದೆ ನೀವೇ ಹಚ್ಚಿ. ಅರಿಶಿನ, ಕೆಮ್ಮಣ್ಣನ್ನು ಮಗು ಹಚ್ಚಲಿ.

ಒಂದು ಜೋಡಿ ನಿಮ್ಮ ಜಗುಲಿಗೆ ಇರಲಿ. ಇನ್ನೊಂದನ್ನು ಮಗುವಿನ ಕೈಯಲ್ಲೇ ಕೊಟ್ಟು, ಎತ್ತು ಮಾರಿದ ನೆರೆಮನೆಯ ಅಜ್ಜನಿಗೋ, ಮಕ್ಕಳು ಊರು ಬಿಟ್ಟುಹೋಗಿ ಒಬ್ಬರೇ ಇರುವ ಅಜ್ಜಿಗೋ ಮುಟ್ಟಿಸಿ. ಅವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಮಗು ನೋಡಲಿ.

ಮಗು ಮಾಡಿದ ಎತ್ತಿನ ಕಾಲು ಸೊಟ್ಟಗಿದ್ದರೆ ತಿದ್ದಲು ಹೋಗಬೇಡಿ. ಒಣಗುವಾಗ ಮುರಿದರೂ ಎಸೆಯಬೇಡಿ. ನಮ್ಮ ಹಿರಿಯರು ಅದಕ್ಕೂ ಒಂದು ಕೆಲಸ ಇಟ್ಟಿದ್ದಾರೆ. ಮರುದಿನ ಓಣಿಯ ಮಕ್ಕಳನ್ನೆಲ್ಲ ಹಿಂದೆ ಕರೆದುಕೊಂಡು ಮನೆಮನೆಗೆ ಹೋಗಿ ಜೋಳ ತರುವುದು ಆ ಕುಂಟೆತ್ತೇ.