ಚೀಲದ ತೂಕ ಗೊತ್ತು ಮಾಡಿದವರು ಯಾರು?



ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬ ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬಂದಿದ್ದ. ವಯಸ್ಸು 26. ಕುರ್ಚಿ ಕೊಟ್ಟೆ, ಕೂಡಲಿಲ್ಲ. "ಕುಂತ್ರ ಏಳ್ಲಾಕ ಆಗಲ್ಲ ಅಣ್ಣಾ, ನಿಂತೇ ಹೇಳ್ತೀನಿ" ಅಂದ. ಹುಮನಾಬಾದ್ ಕಡೆ ಒಂದು ಗೋದಾಮಿನಲ್ಲಿ ಹಮಾಲಿ ಕೆಲಸ. ಲಾರಿಗೆ ಚೀಲ ಏರಿಸುವಾಗ ಹಲಗೆ ಜಾರಿ, ಬೆನ್ನ ಮೇಲಿನ ಚೀಲದ ಸಮೇತ ಸೊಂಟ ತಿರುವಿತ್ತು. ಮೂರು ತಿಂಗಳು ಭಾರ ಎತ್ತಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಗೋದಾಮಿನವರು ಹೇಳಿದ್ದು ಬೇರೆ: "ಎತ್ತೋದು ಕಲೀಬೇಕಿತ್ತು. ಮೊಳಕಾಲು ಬಗ್ಗಿಸಬೇಕಿತ್ತು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಇದನ್ನು ಬರೀತಿದ್ದೀನಿ.

ನಮ್ಮಪ್ಪನೂ ಹಮಾಲ. ಅವನ ಕಾಲದಲ್ಲಿ ಚೀಲ ಅಂದ್ರೆ ಕ್ವಿಂಟಲ್, 100 ಕಿಲೋ. ಅಪ್ಪನೇ 55 ಕಿಲೋ ಇದ್ದನೋ ಇಲ್ಲವೋ. ಇಬ್ಬರು ಎತ್ತಿ ಬೆನ್ನ ಮೇಲೆ ಹಾಕೋರು, ಅವನು ಹುಕ್ಕು ಸಿಗಿಸಿಕೊಂಡು ಓಡೋನು. ನಡೆದರೆ ಭಾರ ಜಾಸ್ತಿ ಅನಿಸ್ತದ, ಅದಕ್ಕೇ ಓಡ್ತಿದ್ದೆ ಅಂತಿದ್ದ. ಐವತ್ತು ದಾಟೋ ಮೊದಲೇ ಬಾಗಿದ.

ಈಗ ಹಿಂದಕ್ಕೆ ಹೋಗೋಣ. ನಮ್ಮ ಬೀದರ್ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನದು. ಅಧಿಕಾರಿ ದೌರಾಕ್ಕೆ ಬಂದರೆ ಅವನ ಡೇರೆ, ಪೆಟ್ಟಿಗೆ, ಕಟ್ಟಿಗೆ ಎಲ್ಲ ಹೊರಬೇಕಾದವರು ಹೊಲಗೇರಿ, ಮಾದಿಗರ ಕೇರಿಯವರು. ಕೂಲಿ ಇಲ್ಲ. ಅದರ ಹೆಸರೇ ಬಿಟ್ಟಿ, ಬೇಗಾರಿ. ಎಷ್ಟು ಭಾರ ಅಂತ ಯಾರೂ ತೂಗಲಿಲ್ಲ, ಹೊರುವವನಿಗೆ ಹಿಡಿಯಷ್ಟೂ ಬೆಲೆ ಇಲ್ಲದ ಮೇಲೆ ಅವನ ಹೊರೆ ಯಾಕೆ ತೂಗ್ತಾರೆ? ಸಂವಿಧಾನದ 23ನೇ ವಿಧಿ ಬೇಗಾರಿ ನಿಲ್ಲಿಸಿತು. ಬಾಬಾಸಾಹೇಬರು ಕೊಟ್ಟ ಸಂವಿಧಾನದಿಂದ ಬಿಟ್ಟಿ ಹೋಗಿ ಕೂಲಿ ಬಂತು. ಆದರೆ ಹೊರುವ ಬೆನ್ನು ಬಹಳ ಕಡೆ ಅದೇ ಕೇರಿಗಳದ್ದೇ ಉಳಿಯಿತು. ನಮ್ಮ ಜೊತೆ ಬಡ ಮುಸ್ಲಿಮರು, ತಾಂಡಾದವರೂ ಸೇರಿದರು.

ಹಾಗಾದರೆ ಈ 100 ಕಿಲೋ ಎಲ್ಲಿಂದ ಬಂತು? ಮೊದಲು ಸೇರು, ಮಣ, ಪಲ್ಲ ಅಂತ ಲೆಕ್ಕ, ಒಂದೊಂದು ಊರಿಗೆ ಒಂದೊಂದು. 1956ರ ತೂಕ ಅಳತೆ ಕಾಯ್ದೆಯಿಂದ ಕಿಲೋ, ಕ್ವಿಂಟಲ್ ಬಂದವು. ರೇಟು ಕ್ವಿಂಟಲ್‌ಗೆ, ಹಾಗಾಗಿ ಚೀಲವೂ ಕ್ವಿಂಟಲ್ ಆದರೆ ಅಡತಿಯವರ ಖಾತೆಗೆ ಸುಲಭ. ಆ ಲೆಕ್ಕದಲ್ಲಿ ಹಮಾಲನ ಬೆನ್ನು ಎಲ್ಲೂ ಬರಲಿಲ್ಲ.

ಬೆನ್ನಿನ ಲೆಕ್ಕ ಹಾಕಿದವರು ಇರಲಿಲ್ಲ ಅಂತಲ್ಲ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಗರಿಷ್ಠ ಭಾರದ ಬಗ್ಗೆ 127ನೇ ಒಪ್ಪಂದ ಮಾಡಿತು. ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಾಳಿಗೆ 55 ಕಿಲೋ ಮೀರಬಾರದು ಅಂತ ಬರೆಯಿತು. ಆ ಒಪ್ಪಂದವನ್ನು ಭಾರತ ಒಪ್ಪಿಕೊಂಡಿಲ್ಲ. ನಮ್ಮದೇ 1948ರ ಫ್ಯಾಕ್ಟರಿ ಕಾಯ್ದೆಯ 34ನೇ ಕಲಂ, ಗಾಯ ಆಗುವಷ್ಟು ಭಾರ ಯಾರಿಂದಲೂ ಎತ್ತಿಸಬಾರದು ಅಂತ ಹೇಳಿತು. ಆದರೆ ಅಡತಿ ಅಂಗಡಿ ಫ್ಯಾಕ್ಟರಿ ಅಲ್ಲ ನೋಡ್ರಿ! ಮಾಲಕ ಯಾರು ಅಂತ ಕೇಳಿದರೆ ಅಡತ್ಯಾ ಖರೀದಿದಾರನ ಕಡೆ ಬೆರಳು ಮಾಡ್ತಾನೆ, ಖರೀದಿದಾರ ಲಾರಿಯವನ ಕಡೆ.

ಇಲ್ಲೊಂದು ವಿಷಯ ಗಮನಿಸಿ. ಗಡಿಯಾಚೆಯ ಉಮರ್ಗಾ, ಈಚೆಯ ಬಸವಕಲ್ಯಾಣ, ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ವಿಂಗಡಣೆ ಆದಾಗ ಉಮರ್ಗಾ ಆ ಕಡೆ ಹೋಯಿತು, ನಾವು ಮೈಸೂರಿಗೆ ಬಂದೆವು. ಆ ಕಡೆ ಮುಂಬಯಿಯಲ್ಲಿ ಅಣ್ಣಾಸಾಹೇಬ್ ಪಾಟೀಲ್ ಮಾಥಾಡಿಗಳನ್ನು ಸಂಘಟಿಸಿದರು, ಪುಣೆಯಲ್ಲಿ ಬಾಬಾ ಆಢಾವ್ ಹಮಾಲ್ ಪಂಚಾಯತ್ ಕಟ್ಟಿದರು. ಮುಂದೆ "ಒಂದು ಊರು ಒಂದು ನೀರಿನ ತಾಣ" ಅಂತ ಅಸ್ಪೃಶ್ಯತೆ ವಿರುದ್ಧ ಚಳವಳಿ ಮಾಡಿದವರೂ ಇದೇ ಆಢಾವ್. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ, ಹಮಾಲ ಕಾಯ್ದೆ ಬಂತು. ಮಂಡಳಿಯಲ್ಲಿ ಹಮಾಲನ ಹೆಸರೂ ನೋಂದಣಿ, ವ್ಯಾಪಾರಿಯ ಹೆಸರೂ ನೋಂದಣಿ. ಕೂಲಿಯ ಮೇಲೆ ವ್ಯಾಪಾರಿ ಲೆವಿ ಕಟ್ಟಬೇಕು, ಅದರಿಂದ ಪಿ.ಎಫ್, ದವಾಖಾನೆ ಖರ್ಚು. 1978ರಲ್ಲಿ ಕೇರಳವೂ ತಲೆಹೊರೆ ಕಾರ್ಮಿಕರ ಕಾಯ್ದೆ ಮಾಡಿತು. ಕಾಯ್ದೆ ಇದ್ದ ಕಡೆಯೆಲ್ಲ ಜಾರಿ ಆಗ್ಯಾದ ಅಂತ ನಾನು ಹೇಳಲ್ಲ. ಆದರೆ ಮಾಲಕ ಯಾರು ಅನ್ನೋ ಪ್ರಶ್ನೆಗೆ ಅಲ್ಲಿ ಕಾಗದದ ಮೇಲಾದರೂ ಉತ್ತರ ಇದೆ. ನಮಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಸ್ಮಾರ್ಟ್ ಕಾರ್ಡ್ ಇದೆ, ಮಾಡಿಸದವರು ಮಾಡಿಸಿ. ಅದು ಗಾಯ ಆದ ಮೇಲಿನ ಮಾತು.

ಈಗ ಚೀಲ 50 ಕಿಲೋಗೆ ಬಂದಿದೆ, ನಿಜ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋ ಆಯಿತು. ಯಾಕೆ? ರೈತರು ಗೊಬ್ಬರ ಕಡಿಮೆ ಹಾಕಲಿ ಅಂತ. ಹಮಾಲನ ಬೆನ್ನು ಅಲ್ಲೂ ಲೆಕ್ಕಕ್ಕಿಲ್ಲ, ಲಾಭ ಮಾತ್ರ ಅಡ್ಡದಾರೀಲಿ ಸಿಕ್ತು. ಅಮೆರಿಕದ ನಯೋಶ್ ಸಂಸ್ಥೆಯ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬ ಎತ್ತಬಹುದಾದ ಭಾರ 23 ಕಿಲೋ. ಬಗ್ಗಿ, ತಿರುಗಿ, ಮೇಲೆ ಎತ್ತಿದರೆ ಅದಕ್ಕಿಂತಲೂ ಕಡಿಮೆ. ನಮ್ಮ 50ರ ಚೀಲ ಅದರ ದುಪ್ಪಟ್ಟು, ಹಿಡಿಕೆ ಇಲ್ಲ, ಕಾಲ ಕೆಳಗೆ ಅಲುಗಾಡೋ ಹಲಗೆ.

ಮೊಳಕಾಲು ಬಗ್ಗಿಸೋದು ತಪ್ಪು ಸಲಹೆ ಅಲ್ಲ. ಚೀಲವನ್ನು ಮೈಗೆ ಹತ್ತಿರ ಹಿಡೀರಿ, ಸೊಂಟ ತಿರುವದೆ ಪಾದ ಇಟ್ಟು ತಿರುಗ್ರಿ, ನೆಲದಿಂದ ಒಬ್ಬರೇ ಎತ್ತಬ್ಯಾಡ್ರಿ. ಇವೆಲ್ಲ ಖರೆ. ಆದರೆ ಥಪ್ಪಿ ತಲೆಗಿಂತ ಮೇಲೆ ಹೋದಾಗ, ಚೀಲಕ್ಕಿಷ್ಟು ಅಂತ ಕೂಲಿ ಇದ್ದಾಗ, ಹಿಂದಿನವನು ಬೈಯುವಾಗ, ಯಾವನ ಮೊಳಕಾಲು ಬಗ್ಗೀತು?

ನಮ್ಮ ನೆಲದಲ್ಲಿ ಭಾರ ಹೊತ್ತವರಿಗೆ ದೊಡ್ಡ ಹೆಸರಿದೆ. ಕಟ್ಟಿಗೆ ಹೊರೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಆಯ್ದಕ್ಕಿ ಲಕ್ಕಮ್ಮನ ಕಥೆ ನನಗೆ ಇನ್ನೂ ಇಷ್ಟ. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಹೊತ್ತು ತಂದಾಗ ವಾಪಸ್ ಕಳಿಸಿದವಳು ಆಕೆ. ಕಾಯಕದ ಬಗ್ಗೆ ಭಾಷಣ ಮಾಡುವವರು ಈ ವಾಪಸ್ ಕಳಿಸಿದ್ದನ್ನು ಯಾಕೋ ಹೇಳೋದೇ ಇಲ್ಲ.

ಆ ಹುಡುಗನ ಅರ್ಜಿ ಬರೆದು ಕೊಟ್ಟಿದ್ದೀನಿ. ಜೊತೆಗೆ ಇನ್ನೊಂದು ಮನವಿ ತಯಾರಾಗಿದೆ, ಎರಡೂ ತಾಲೂಕಿನ ಮಾರ್ಕೆಟ್ ಯಾರ್ಡಿಗೆ. ಲಾರಿ ಮಟ್ಟದ ಕಟ್ಟೆ, ಅಡ್ಡಪಟ್ಟಿ ಹೊಡೆದ ಅಗಲ ಹಲಗೆ, ಥಪ್ಪಿಗೆ ಎತ್ತರದ ಮಿತಿ, ಕೈಗಾಡಿ, ಹಮಾಲರ ಹೆಸರು ಮತ್ತು ಆ ದಿನದ ಮಾಲಕನ ಹೆಸರು ಬರೆದಿಡುವ ಒಂದು ರಿಜಿಸ್ಟರ್. ಸಹಿಗೆ ಭಾನುವಾರ ಬೆಳಿಗ್ಗೆ ಬಸವಕಲ್ಯಾಣ, ಸಂಜೆ ಹುಮನಾಬಾದ್. ಹೆಬ್ಬೆಟ್ಟಾದರೂ ನಡೀತದ, ಪ್ಯಾಡ್ ನಾನೇ ತರ್ತೀನಿ.