ಹೃದಯ-ಶ್ವಾಸಕೋಶ ರೋಗಿಗಳ ಶುಶ್ರೂಷೆ: ವಾರ್ಡಿನಲ್ಲಿ ನರ್ಸ್ ಏನೇನು ಗಮನಿಸುತ್ತಾರೆ?



ಕಳೆದ ಚಳಿಗಾಲದಲ್ಲಿ ಊರಿನಿಂದ ಇಂಗ್ಲೆಂಡಿಗೆ ಬಂದಿದ್ದ ನಮ್ಮ ತಾಯಿಯವರಿಗೆ ಉಬ್ಬಸ ಜೋರಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಹಳ ವರ್ಷ ಸೌದೆ ಒಲೆಯ ಹೊಗೆ ಕುಡಿದವರು. ಶ್ವಾಸಕೋಶದ ಸಿ.ಓ.ಪಿ.ಡಿ. ಕಾಯಿಲೆಯ ಜೊತೆಗೆ ಹೃದಯವೂ ದುರ್ಬಲ. ಮಾನಿಟರ್‌ನಲ್ಲಿ ಆಮ್ಲಜನಕ ಶೇ. 90 ಎಂದು ಕಂಡೊಡನೆ ನಾವು ಗಾಬರಿಯಾಗಿ, "ಆಕ್ಸಿಜನ್ ಜಾಸ್ತಿ ಮಾಡಿ" ಎಂದು ನರ್ಸ್ ಹತ್ತಿರ ಹಠ ಹಿಡಿದೆವು. "ಇವರಿಗೆ 88ರಿಂದ 92 ಸಾಕು. ಹೆಚ್ಚು ಕೊಟ್ಟರೇ ಅಪಾಯ" ಎಂದು ಅವರು ಸಮಾಧಾನವಾಗಿ ಹೇಳಿದರು. ನಾವು ಸಾಫ್ಟ್‌ವೇರ್ ಕೆಲಸದವರು, ವೈದ್ಯರಲ್ಲ. ಆ ಹತ್ತು ದಿನಗಳಲ್ಲಿ ಕೇಳಿ, ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ನ್ಯೂಸ್-2 ಅಂಕಗಳು

ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ, 2017ರಲ್ಲಿ ಪರಿಷ್ಕರಿಸಿದ ಪದ್ಧತಿ ಇದು. ಉಸಿರಾಟದ ವೇಗ, ರಕ್ತದ ಆಮ್ಲಜನಕ, ರೋಗಿಗೆ ಆಕ್ಸಿಜನ್ ಕೊಡುತ್ತಿದ್ದಾರೆಯೇ ಎಂಬುದು, ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ - ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಪರೀಕ್ಷೆಯ ಅಂಕಗಳಂತಲ್ಲ, ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು! ಮೊತ್ತ 5 ಆದರೆ ತುರ್ತಾಗಿ ವೈದ್ಯರು ನೋಡಬೇಕು. 7 ಅಥವಾ ಹೆಚ್ಚಾದರೆ ತೀವ್ರ ನಿಗಾ ಪರಿಣತಿಯುಳ್ಳ ತಂಡಕ್ಕೆ ಕರೆ ಹೋಗಬೇಕು.

ಇವುಗಳಲ್ಲಿ ಯಂತ್ರಕ್ಕಿಂತ ಕಣ್ಣನ್ನೇ ನಂಬುವ ಕೆಲಸ ಉಸಿರು ಎಣಿಸುವುದು. ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ ಅಂಕ; 25 ಮುಟ್ಟಿದರೆ ಅಥವಾ ದಾಟಿದರೆ, ಇಲ್ಲವೇ 8ಕ್ಕೆ ಇಳಿದರೆ, 3 ಅಂಕ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಅಥವಾ ಕಂದು ಚರ್ಮದವರಲ್ಲಿ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂಬುದನ್ನು ನಮ್ಮವರು ನೆನಪಿಡಬೇಕು.

ಆಮ್ಲಜನಕವೂ ಔಷಧಿಯೇ

ಸಿ.ಓ.ಪಿ.ಡಿ.ಯ ಕೆಲವು ರೋಗಿಗಳಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗುತ್ತದೆ. ರೋಗಿ ಮಂಕಾಗಿ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಅದಕ್ಕೇ ನ್ಯೂಸ್-2ರಲ್ಲಿ ಇಂಥವರಿಗೆ ಬೇರೆ ಅಳತೆ ಇದೆ. ಸುಮ್ಮನೆ ನಿದ್ದೆ ಮಾಡುತ್ತಿದ್ದಾರೆಯೇ, ಮಂಪರು ಕವಿದಿದೆಯೇ ಎಂದು ಗುರುತಿಸುವುದು ನರ್ಸ್‌ನ ದೊಡ್ಡ ಕೌಶಲ್ಯ. ಸಂಶಯ ಬಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಬಿಗಿ ಮಾಸ್ಕ್‌ನ ಮೂಲಕ ಉಸಿರಿಗೆ ಒತ್ತಾಸೆ ಕೊಡುವ ಯಂತ್ರ ಹಾಕಿದರೆ, ಗಾಳಿ ಸೋರದಂತೆ, ಮೂಗಿನ ಮೇಲೆ ಹುಣ್ಣಾಗದಂತೆ ನೋಡಿಕೊಳ್ಳುವವರೂ ಅವರೇ.

ಹೃದಯ ಮತ್ತು ನೀರಿನ ಲೆಕ್ಕ

ಹೃದಯ ಸರಿಯಾಗಿ ಪಂಪ್ ಮಾಡದಿದ್ದರೆ ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ತುಂಬುತ್ತದೆ. ಮಲಗಿದರೆ ದಮ್ಮು, ಎದ್ದು ಕೂತರೆ ಹಾಯಿ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ ತೂಕ, ಕುಡಿದದ್ದರ ಮತ್ತು ಮೂತ್ರದ ಲೆಕ್ಕ. ಮೂತ್ರ ಹೆಚ್ಚಿಸುವ ಔಷಧಿ ಕಡಿಮೆಯಾದರೆ ಉಸಿರು ಕಟ್ಟುತ್ತದೆ. ಹೆಚ್ಚಾದರೆ ಮೂತ್ರಪಿಂಡ ಬಳಲುತ್ತದೆ, ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಾಳ ತಪ್ಪಬಹುದು. ನಾವು ಫ್ಲಾಸ್ಕ್‌ನಲ್ಲಿ ಒಯ್ದ ಕಾಫಿ ಲೆಕ್ಕಕ್ಕೆ ಸೇರಿರಲಿಲ್ಲ. ಡಬ್ಬಿಯ ಉಪ್ಪಿನಕಾಯಿ ನೀರನ್ನು ಮೈಯಲ್ಲೇ ಹಿಡಿದಿಡುತ್ತದೆಂದೂ ನಮಗೆ ಹೊಳೆದಿರಲಿಲ್ಲ.

ಮನೆಯವರು ಮಾಡಬಹುದಾದದ್ದು

* ಹಿರಿಯರು ಎದೆನೋವಿಗೂ "ಗ್ಯಾಸ್" ಎಂದುಬಿಡುತ್ತಾರೆ. ಅವರ ಮಾತನ್ನು ಹಗುರ ಮಾಡದೆ ಇದ್ದಂತೆಯೇ ನರ್ಸ್‌ಗೆ ತಿಳಿಸಿ. ದುಭಾಷಿ ಬೇಕೆಂದು ಕೇಳಿ.
* ಊರಿನ ಮಾತ್ರೆಗಳನ್ನೆಲ್ಲ, ಆಯುರ್ವೇದದ್ದೂ ಸೇರಿ, ತಂದು ತೋರಿಸಿ.
* ಆಕ್ಸಿಜನ್ ಗುಂಡಿ, ಎದೆಗೆ ಹಾಕಿದ ಕೊಳವೆಯ ಬಾಟಲಿ ಮುಟ್ಟಬೇಡಿ. ಆ ಬಾಟಲಿ ಯಾವಾಗಲೂ ಎದೆಯ ಮಟ್ಟಕ್ಕಿಂತ ಕೆಳಗೇ ಇರಬೇಕು.
* "ಅಮ್ಮ ಇವತ್ತು ಎಂದಿನಂತಿಲ್ಲ" ಎನಿಸಿದರೆ ಸಂಕೋಚ ಬೇಡ, ಹೇಳಿ. 2021ರಲ್ಲಿ ತೀರಿಕೊಂಡ 13 ವರ್ಷದ ಮಾರ್ಥಾ ಮಿಲ್ಸ್ ಹೆಸರಿನ "ಮಾರ್ಥಾ ನಿಯಮ" 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರತೊಡಗಿದೆ. ರೋಗಿ ಹದಗೆಡುತ್ತಿದ್ದರೆ ಬೇರೊಂದು ತಂಡ ಬಂದು ನೋಡಲಿ ಎಂದು ಮನೆಯವರೂ ಕೇಳಬಹುದು. ನಿಮ್ಮ ವಾರ್ಡಿನಲ್ಲಿ ಯಾವ ನಂಬರಿಗೆ ಕರೆ ಮಾಡಬೇಕೆಂದು ಮೊದಲೇ ವಿಚಾರಿಸಿಡಿ.

ರಾತ್ರಿ ಪಾಳಿಯಲ್ಲಿ ಮಂಗಳೂರಿನಲ್ಲಿ ಓದಿದ ಮಲಯಾಳಿ ನರ್ಸ್ ಒಬ್ಬರಿದ್ದರು. "ಅಜ್ಜಿ, ಉಸಿರು ಹೇಗುಂಟು?" ಎಂದು ಅವರು ಕೇಳಿದಾಗ ಅಮ್ಮನ ಮುಖ ಅರಳಿದ್ದನ್ನು ನಾವು ಮರೆಯಲಾರೆವು. ಉತ್ತರ ಕೇಳುತ್ತಲೇ ಅವರು ಗಡಿಯಾರ ನೋಡಿ ಉಸಿರು ಎಣಿಸುತ್ತಿದ್ದರು. ಅಮ್ಮ ಈಗ ಊರಿನಲ್ಲಿ ಕ್ಷೇಮ. ಒಲೆ ಗ್ಯಾಸಿನದು, ಉಪ್ಪಿನಕಾಯಿ ಹಬ್ಬಕ್ಕೆ ಮಾತ್ರ.

(ಇದು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ, ನರ್ಸ್‌ಗಳ ಸಲಹೆಯೇ ಅಂತಿಮ.)