ಎಲ್ಲೆಯಾಚೆಯ ಮಾರಾಟಗಾರ ಮತ್ತು ಬಳಕೆಯ ನೆಲದ ತೆರಿಗೆ: ವಿದ್ಯುನ್ಮಾನ ಸೇವೆಗಳ ಮೇಲಣ ಮೌಲ್ಯವರ್ಧಿತ ತೆರಿಗೆಯ ಇತಿಹಾಸ

ಯಾವುದೇ ಪ್ರಭುತ್ವವು ವ್ಯಾಪಾರದ ಮೇಲೆ ತೆರಿಗೆಯನ್ನು ಎತ್ತಬೇಕಾದರೆ ಎರಡು ಅನುಕೂಲಗಳು ಅದಕ್ಕೆ ಇರಬೇಕು. ಮಾರಾಟವಾಗುವ ಪದಾರ್ಥವು ಅದರ ಕಣ್ಣಿಗೆ ಬೀಳಬೇಕು; ತೆರಿಗೆಯನ್ನು ಸಲ್ಲಿಸತಕ್ಕವನು ಅದರ ಕೈಗೆ ಸಿಕ್ಕಬೇಕು. ಈ ಎರಡನ್ನೂ ಒಂದೇ ಎಡೆಯಲ್ಲಿ ಸಾಧಿಸುತ್ತಿದ್ದುದು ಸುಂಕದ ಕಟ್ಟೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಬರುತ್ತವೆ. ಬೆಂಗಳೂರಿನ ಪಶ್ಚಿಮಕ್ಕಿರುವ ಸುಂಕದಕಟ್ಟೆಯ ಹೆಸರು ಇಂದಿಗೂ ಆ ಪದ್ಧತಿಯನ್ನು ನೆನಪಿಗೆ ತರುತ್ತದೆ. ಹೇರು ಹೊತ್ತ ಎತ್ತಾಗಲಿ, ಬಂದರಿಗೆ ಬಂದ ಹಡಗಾಗಲಿ ಕಟ್ಟೆಯನ್ನು ದಾಟದೆ ಒಳಗೆ ಬರಲಾರದು ಎಂಬ ನಂಬಿಕೆಯೇ ಆ ತೆರಿಗೆಗೆ ತಳಹದಿಯಾಗಿದ್ದಿತು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ತಳಹದಿ ಅಲುಗಾಡಿತು. ತಂತ್ರಾಂಶ, ಸಂಗೀತ, ಚಲನಚಿತ್ರ, ಪುಸ್ತಕ ಇವೆಲ್ಲವೂ ಭಾರವಿಲ್ಲದ, ರೂಪವಿಲ್ಲದ ಸರಕುಗಳಾಗಿ ತಂತಿಯ ಮೂಲಕ ನೇರವಾಗಿ ಗ್ರಾಹಕನ ಮನೆಗೆ ಬರತೊಡಗಿದವು. ಮಾರುವವನು ಪರದೇಶದಲ್ಲಿದ್ದಾನೆ, ಸರಕು ಯಾವ ಕಟ್ಟೆಯನ್ನೂ ದಾಟುವುದಿಲ್ಲ. ಹೀಗಿರಲು ಆ ವ್ಯಾಪಾರಿಯಿಂದ ತೆರಿಗೆಯನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗೆ ರಾಷ್ಟ್ರಗಳು ಕ್ರಮವಾಗಿ ಕಂಡುಕೊಂಡ ಉತ್ತರವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಬಲಾತ್ಕಾರದ ಶಕ್ತಿ ಇಲ್ಲದ ಕಡೆ ಪ್ರಭುತ್ವವು ಸೌಕರ್ಯವನ್ನು ಒದಗಿಸಿ ಪಾಲನೆಯನ್ನು ಪಡೆಯಿತೆಂಬುದೂ, ಆ ಸೌಕರ್ಯವನ್ನು ದೊಡ್ಡ ವ್ಯಾಪಾರಿಯ ಅಳತೆಗೆ ಹೊಲಿದಾಗ ಸಣ್ಣವನು ತೊಂದರೆಗೊಳಗಾದನೆಂಬುದೂ ಈ ಇತಿಹಾಸದಿಂದ ವಿದಿತವಾಗುತ್ತದೆ.

ಮೊದಲು ಮೌಲ್ಯವರ್ಧಿತ ತೆರಿಗೆಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ಹತ್ತಿಯು ನೂಲಾಗಿ, ನೂಲು ಬಟ್ಟೆಯಾಗಿ, ಬಟ್ಟೆ ಅಂಗಡಿಗೆ ಬರುವ ಪ್ರತಿಯೊಂದು ಹಂತದಲ್ಲಿಯೂ ಮಾರುವವನು ತೆರಿಗೆಯನ್ನು ವಸೂಲು ಮಾಡುತ್ತಾನೆ. ತಾನು ಕೊಳ್ಳುವಾಗ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆದು ಉಳಿದುದನ್ನು ಮಾತ್ರ ಸರ್ಕಾರಕ್ಕೆ ಒಪ್ಪಿಸುತ್ತಾನೆ. ಕಟ್ಟಕಡೆಗೆ ಭಾರವೆಲ್ಲವೂ ಬಳಕೆದಾರನ ಮೇಲೆ ಬೀಳುತ್ತದೆ. ವ್ಯಾಪಾರಿಯು ಸರ್ಕಾರದ ಪರವಾಗಿ ಹಣವನ್ನು ಕೂಡಿಸುವವನು ಮಾತ್ರ. ಮೋರಿಸ್ ಲೋರೆ ಎಂಬ ಅಧಿಕಾರಿಯ ಯೋಜನೆಯಂತೆ ಫ್ರಾನ್ಸ್ ದೇಶವು 1954ರಲ್ಲಿ ಇದನ್ನು ಆಚರಣೆಗೆ ತಂದಿತು. 1967ರಲ್ಲಿ ಐರೋಪ್ಯ ಆರ್ಥಿಕ ಸಮುದಾಯವು ಎರಡು ನಿರ್ದೇಶಗಳ ಮೂಲಕ ಇದನ್ನು ತನ್ನ ಸದಸ್ಯ ರಾಷ್ಟ್ರಗಳಿಗೆ ಸಾಮಾನ್ಯ ಪದ್ಧತಿಯನ್ನಾಗಿ ಮಾಡಿತು. 1977ರ ಆರನೆಯ ನಿರ್ದೇಶವು ಅದರ ನಿಯಮಗಳನ್ನು ವಿಸ್ತಾರವಾಗಿ ಏಕರೂಪಕ್ಕೆ ತಂದಿತು.

ಸರಕುಗಳ ವಿಷಯದಲ್ಲಿ ಈ ತೆರಿಗೆ ಬಳಕೆಯ ನೆಲಕ್ಕೆ ಸೇರತಕ್ಕದ್ದು. ರಫ್ತಾಗುವ ಸರಕು ತೆರಿಗೆಯಿಂದ ಮುಕ್ತವಾಗಿ ಹೊರಡುತ್ತದೆ. ಆಮದಾದ ಸರಕಿಗೆ ಗಡಿಯಲ್ಲಿ ತೆರಿಗೆ ಬೀಳುತ್ತದೆ. ಸೇವೆಗಳ ವಿಷಯದಲ್ಲಿ ಮಾತ್ರ ಆರನೆಯ ನಿರ್ದೇಶದ ಸಾಮಾನ್ಯ ನಿಯಮ ಬೇರೆಯಾಗಿದ್ದಿತು. ಸೇವೆಯನ್ನು ಒದಗಿಸುವವನು ಎಲ್ಲಿ ನೆಲೆಸಿದ್ದಾನೆಯೋ ಅಲ್ಲಿಯೇ ಸೇವೆ ನಡೆಯಿತೆಂದು ಭಾವಿಸತಕ್ಕದ್ದು ಎಂಬುದೇ ಆ ನಿಯಮ. ಅದು ರಚಿತವಾದ ಕಾಲದಲ್ಲಿ ಇದು ಅಸಂಗತವೇನೂ ಅಲ್ಲ. ಕ್ಷೌರಿಕನಾಗಲಿ, ದರ್ಜಿಯಾಗಲಿ ತನ್ನ ಊರಿನವರಿಗೇ ಸೇವೆಯನ್ನು ಒದಗಿಸುತ್ತಿದ್ದನು. ಸೇವಕನ ನೆಲೆಯೂ ಬಳಕೆಯ ನೆಲೆಯೂ ಬಹುಮಟ್ಟಿಗೆ ಒಂದೇ ಆಗಿದ್ದವು.

ಅಂತರಜಾಲದ ವ್ಯಾಪಾರವು ಈ ಎರಡು ನೆಲೆಗಳನ್ನು ಬೇರ್ಪಡಿಸಿತು. ಅದರಿಂದ ಹುಟ್ಟಿದ ಅಸಮತೆ ಇಬ್ಬಗೆಯದು. ಅಮೆರಿಕದ ಸಂಸ್ಥೆಯೊಂದು ಪ್ಯಾರಿಸಿನ ಗೃಹಸ್ಥನಿಗೆ ತಂತಿಯ ಮೂಲಕ ತಂತ್ರಾಂಶವನ್ನು ಮಾರಿದರೆ ತೆರಿಗೆ ಇಲ್ಲ. ಅದೇ ಗೃಹಸ್ಥನಿಗೆ ಫ್ರಾನ್ಸಿನ ಸಂಸ್ಥೆ ಮಾರಿದರೆ ತೆರಿಗೆ ಉಂಟು. ಇದಲ್ಲದೆ ಫ್ರಾನ್ಸಿನ ಸಂಸ್ಥೆಯು ಅಮೆರಿಕದ ಗ್ರಾಹಕನಿಗೆ ಮಾರಿದರೂ, ಮಾರುವವನ ನೆಲೆ ಯೂರೋಪಿನಲ್ಲಿದ್ದುದರಿಂದ, ತೆರಿಗೆಯನ್ನು ಹೇರಬೇಕಾಗುತ್ತಿದ್ದಿತು. ಹೀಗೆ ಸ್ವದೇಶದ ವ್ಯಾಪಾರಿಗೆ ಮನೆಯಲ್ಲಿಯೂ ಹೊರಗೂ ನಷ್ಟವೇ ಆಯಿತು. ಕೊಳ್ಳುವವನು ನೋಂದಾಯಿತ ವ್ಯಾಪಾರಿಯಾಗಿದ್ದರೆ ಈ ಸಮಸ್ಯೆ ಅಷ್ಟು ತೀವ್ರವಲ್ಲ. ತೆರಿಗೆಯ ಹೊಣೆಯನ್ನು ಅವನ ಮೇಲೆಯೇ ಹೊರಿಸಬಹುದು, ಅವನ ಲೆಕ್ಕಪತ್ರಗಳು ಸರ್ಕಾರದ ಕೈಯಲ್ಲಿರುತ್ತವೆ. ಆದರೆ ಮನೆಯಲ್ಲಿ ಕುಳಿತು ಒಂದು ಹಾಡನ್ನು ಕೊಳ್ಳುವ ಸಾಮಾನ್ಯನಿಂದ ತೆರಿಗೆಯ ವಿವರಣಪತ್ರವನ್ನು ನಿರೀಕ್ಷಿಸುವುದು ವ್ಯರ್ಥ. ಆದುದರಿಂದ ಉಳಿದ ದಾರಿ ಒಂದೇ: ಎಲ್ಲೆಯಾಚೆಯ ಮಾರಾಟಗಾರನಿಂದಲೇ ತೆರಿಗೆಯನ್ನು ಕೂಡಿಸುವುದು.

1998ರ ಅಕ್ಟೋಬರಿನಲ್ಲಿ ಕೆನಡಾದ ಆಟವಾ ನಗರದಲ್ಲಿ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಆಶ್ರಯದಲ್ಲಿ ನಡೆದ ಮಂತ್ರಿಗಳ ಸಮ್ಮೇಳನವು ಈ ವಿಷಯದಲ್ಲಿ ಒಂದು ಘಟ್ಟ. ವಿದ್ಯುನ್ಮಾನ ವ್ಯಾಪಾರದ ಮೇಲಣ ಬಳಕೆಯ ತೆರಿಗೆಯು ಬಳಕೆ ನಡೆಯುವ ದೇಶಕ್ಕೆ ಸೇರಬೇಕು, ಅಂಕೀಯ ರೂಪದಲ್ಲಿ ಬರುವ ಪದಾರ್ಥವನ್ನು ಸರಕೆಂದು ಗಣಿಸಬಾರದು ಎಂಬ ತತ್ತ್ವಗಳನ್ನು ಅಲ್ಲಿ ಅಂಗೀಕರಿಸಲಾಯಿತು. ಹಳೆಯ ಬಗೆಯ ವ್ಯಾಪಾರಕ್ಕೂ ಹೊಸ ಬಗೆಯ ವ್ಯಾಪಾರಕ್ಕೂ ಭೇದವೆಣಿಸಬಾರದೆಂಬ ತಾಟಸ್ಥ್ಯದ ಜೊತೆಗೆ, ಪಾಲನೆಯ ವೆಚ್ಚವು ಆದಷ್ಟು ಕಡಿಮೆಯಾಗಿರಬೇಕೆಂಬುದನ್ನೂ ಸಮ್ಮೇಳನವು ಒಪ್ಪಿತು. ಮುಂದಿನ ಕಾನೂನುಗಳೆಲ್ಲವೂ ಈ ಎರಡು ಮಾತುಗಳ ನಡುವೆ ತೂಗಾಡಿರುವುದನ್ನು ನಾವು ಕಾಣುತ್ತೇವೆ.

ತತ್ತ್ವವನ್ನು ಕಾನೂನಾಗಿ ಮಾಡುವಲ್ಲಿ ಐರೋಪ್ಯ ಒಕ್ಕೂಟವು ಮುಂದಾಯಿತು. 2000ದ ಜೂನಿನಲ್ಲಿ ಅದರ ಆಯೋಗವು ಮಂಡಿಸಿದ ಮೊದಲ ಸೂಚನೆಯಂತೆ, ಹೊರಗಿನ ಸಂಸ್ಥೆಯು ತಾನು ಇಚ್ಛಿಸಿದ ಒಂದು ಸದಸ್ಯ ರಾಷ್ಟ್ರದಲ್ಲಿ ನೋಂದಣಿ ಪಡೆದು ಆ ರಾಷ್ಟ್ರದ ದರದಲ್ಲಿಯೇ ಎಲ್ಲ ಕಡೆಯೂ ತೆರಿಗೆಯನ್ನು ವಸೂಲು ಮಾಡಬಹುದಾಗಿದ್ದಿತು. ಆಗ ಲಕ್ಸೆಂಬರ್ಗಿನ ದರ ಶೇಕಡ 15, ಡೆನ್ಮಾರ್ಕ್ ಮತ್ತು ಸ್ವೀಡನ್ನುಗಳ ದರ ಶೇಕಡ 25. ಎಲ್ಲರೂ ಲಕ್ಸೆಂಬರ್ಗನ್ನೇ ಆರಿಸಿಕೊಳ್ಳುವರೆಂಬುದು ಸ್ಪಷ್ಟವಾಗಿದ್ದಿತು. ಇತರ ಸದಸ್ಯ ರಾಷ್ಟ್ರಗಳು ಇದಕ್ಕೆ ಒಪ್ಪಲಿಲ್ಲ. ಅಮೆರಿಕದಿಂದಲೂ ಬೇರೆ ಕಾರಣಗಳ ಮೇಲೆ ಆಕ್ಷೇಪಣೆಗಳು ಬಂದವು. ಎರಡು ವರ್ಷಗಳ ಚರ್ಚೆಯ ತರುವಾಯ 2002ರ ಮೇ 7ರಂದು ಹೊಸ ನಿರ್ದೇಶವು ಅಂಗೀಕೃತವಾಗಿ 2003ರ ಜುಲೈ 1ರಿಂದ ಜಾರಿಗೆ ಬಂದಿತು.

ಈ ನಿರ್ದೇಶದ ವ್ಯವಸ್ಥೆ ಗಮನಾರ್ಹವಾದುದು. ಹೊರಗಿನ ಮಾರಾಟಗಾರನು ತಾನು ಆರಿಸಿಕೊಂಡ ಒಂದೇ ರಾಷ್ಟ್ರದಲ್ಲಿ ವಿದ್ಯುನ್ಮಾನ ಮಾರ್ಗದಿಂದಲೇ ನೋಂದಣಿ ಪಡೆಯುತ್ತಾನೆ. ಆದರೆ ತೆರಿಗೆಯನ್ನು ಹೇರತಕ್ಕದ್ದು ಗ್ರಾಹಕನ ರಾಷ್ಟ್ರದ ದರದಲ್ಲಿ. ಮೂರು ತಿಂಗಳಿಗೊಮ್ಮೆ, ಅವಧಿ ಮುಗಿದ 20 ದಿನಗಳೊಳಗೆ, ಆಯಾ ರಾಷ್ಟ್ರದಲ್ಲಿ ಆದ ಮಾರಾಟವನ್ನೂ ತೆರಿಗೆಯನ್ನೂ ಬೇರೆಬೇರೆಯಾಗಿ ತೋರಿಸುವ ಒಂದೇ ವಿವರಣಪತ್ರವನ್ನು ಸಲ್ಲಿಸಿ ಹಣವನ್ನು ಒಮ್ಮೆಗೆ ಕಟ್ಟುತ್ತಿದ್ದನು. ಅದನ್ನು ಹಂಚುವ ಹೊಣೆ ನೋಂದಣಿ ಮಾಡಿದ ರಾಷ್ಟ್ರದ್ದು. ಲೆಕ್ಕಗಳನ್ನು ಹತ್ತು ವರ್ಷ ಕಾಪಾಡಬೇಕು. ಆಗಿನ ಹದಿನೈದು ಸದಸ್ಯ ರಾಷ್ಟ್ರಗಳಲ್ಲಿ ಹದಿನೈದು ಬಾರಿ ನೋಂದಣಿ ಪಡೆಯಬೇಕಾಗಿದ್ದವನಿಗೆ ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಕ್ಯಾಲಿಫೋರ್ನಿಯದ ಅಂಗಡಿಗೆ ಬೀಗಮುದ್ರೆ ಹಾಕುವ ಅಧಿಕಾರ ಬ್ರಸೆಲ್ಸಿಗೆ ಇರಲಿಲ್ಲ. ಆದುದರಿಂದಲೇ ಕಾನೂನಿನ ಮಾತು ಆಜ್ಞೆಯ ರೂಪದಲ್ಲಿದ್ದರೂ ಅದರ ಒಳಗಿನ ಸ್ವರೂಪ ಒಂದು ಒಡಂಬಡಿಕೆಯದಾಗಿದ್ದಿತು: ನೀನು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸು, ನಿನ್ನ ಶ್ರಮವನ್ನು ನಾವು ತಗ್ಗಿಸುತ್ತೇವೆ.

ಆದರೂ ಒಂದು ಬಿರುಕು ಉಳಿದಿದ್ದಿತು. ಹೊರಗಿನವನಿಗೆ ಬಳಕೆಯ ನೆಲದ ದರ ಅನ್ವಯಿಸಿತೇ ಹೊರತು, ಒಕ್ಕೂಟದ ಒಳಗೆ ನೆಲೆಸಿದವನಿಗೆ ಹಳೆಯ ನಿಯಮವೇ ಮುಂದುವರಿಯಿತು. ಹೊರಗಿನ ಸಂಸ್ಥೆಯು ಲಕ್ಸೆಂಬರ್ಗಿನಲ್ಲಿ ಒಂದು ಅಂಗಸಂಸ್ಥೆಯನ್ನು ಸ್ಥಾಪಿಸಿದರೆ ಅದು ಒಳಗಿನದೇ ಆಗಿ, ಶೇಕಡ 15ರ ದರದಲ್ಲಿ ಯೂರೋಪಿನ ಎಲ್ಲೆಡೆಗೂ ಮಾರಬಹುದಾಗಿದ್ದಿತು. ಅಮೆಜಾನ್, ಆಪಲ್ ಸಂಸ್ಥೆಯ ಐಟ್ಯೂನ್ಸ್ ಮೊದಲಾದವು ಅಲ್ಲಿ ನೆಲೆಯೂರಿದವು. 2008ರ ಫೆಬ್ರುವರಿ 12ರ ನಿರ್ದೇಶವು ಈ ಬಿರುಕನ್ನು ಮುಚ್ಚಲು ನಿರ್ಧರಿಸಿತಾದರೂ, ಲಕ್ಸೆಂಬರ್ಗಿಗೆ ಆಗುವ ನಷ್ಟವನ್ನು ಗಮನಿಸಿ ವಿದ್ಯುನ್ಮಾನ ಸೇವೆಗಳ ಮಟ್ಟಿಗೆ ಅದರ ಜಾರಿಯನ್ನು 2015ರ ಜನವರಿ 1ಕ್ಕೆ ಮುಂದೂಡಿತು. ಇದಲ್ಲದೆ, ನೋಂದಣಿ ಮಾಡಿದ ರಾಷ್ಟ್ರವು ಒಳಗಿನ ಮಾರಾಟಗಾರರಿಂದ ಕೂಡಿಸಿದ ತೆರಿಗೆಯಲ್ಲಿ 2016ರ ಕೊನೆಯವರೆಗೆ ಶೇಕಡ 30ನ್ನೂ, 2018ರ ಕೊನೆಯವರೆಗೆ ಶೇಕಡ 15ನ್ನೂ ಉಳಿಸಿಕೊಳ್ಳಬಹುದೆಂದು ಒಪ್ಪಲಾಯಿತು. 2015ರಲ್ಲಿ ಲಕ್ಸೆಂಬರ್ಗು ತನ್ನ ದರವನ್ನು ಶೇಕಡ 17ಕ್ಕೆ ಏರಿಸಿತು.

2015ರ ನಿಯಮಗಳೊಡನೆ ಒಳಗಿನವರಿಗೂ ಏಕಗವಾಕ್ಷಿಯ ಸೌಕರ್ಯ ದೊರೆಯಿತು. ಅಂತೆಯೇ ಹೊಸದೊಂದು ಕಷ್ಟವೂ ತಲೆದೋರಿತು. ಗ್ರಾಹಕನು ಯಾವ ದೇಶದವನೆಂಬುದನ್ನು ಮಾರುವವನೇ ಸ್ಥಾಪಿಸಬೇಕು. ಬೆಲೆಪಟ್ಟಿಯ ವಿಳಾಸ, ಬ್ಯಾಂಕಿನ ವಿವರ, ಗಣಕಯಂತ್ರದ ಅಂತರಜಾಲ ವಿಳಾಸ, ಸಿಮ್ ಕಾರ್ಡಿನ ದೇಶಸಂಕೇತ ಇವೇ ಮೊದಲಾದವುಗಳಲ್ಲಿ ಪರಸ್ಪರ ವಿರೋಧವಿಲ್ಲದ ಎರಡು ಸಾಕ್ಷ್ಯಗಳು ಅವಶ್ಯವಾದವು. ದೊಡ್ಡ ಸಂಸ್ಥೆಗೆ ಇದು ಯಂತ್ರದ ಕೆಲಸ. ಆದರೆ ಹೆಣಿಗೆಯ ನಮೂನೆಯನ್ನೋ, ಸಣ್ಣ ಪಾಠಪುಸ್ತಕವನ್ನೋ ತಾನೇ ರಚಿಸಿ ಮಾರುವ ಬಡ ಲೇಖಕಿಗೆ ಇದು ಹೊರಲಾಗದ ಹೊರೆ. ಬ್ರಿಟನ್ನಿನಲ್ಲಿ ಆಗ ವರ್ಷಕ್ಕೆ 81,000 ಪೌಂಡುಗಳ ವಹಿವಾಟನ್ನು ಮೀರದವರು ಸ್ವದೇಶದ ತೆರಿಗೆಗೆ ನೋಂದಣಿಯನ್ನೇ ಪಡೆಯಬೇಕಾಗಿರಲಿಲ್ಲ; ಅಂಥವರೂ ಬೇರೊಂದು ಸದಸ್ಯ ರಾಷ್ಟ್ರಕ್ಕೆ ಒಂದೇ ಒಂದು ಪ್ರತಿಯನ್ನು ಮಾರಿದರೆ ತೆರಿಗೆಗೆ ಬಾಧ್ಯರಾದರು. ದೊಡ್ಡವರು ತೆರಿಗೆ ತಪ್ಪಿಸುವುದನ್ನು ತಡೆಯಲು ಬೀಸಿದ ಬಲೆಯಲ್ಲಿ ಸಣ್ಣ ಮೀನುಗಳು ಸಿಕ್ಕಿಬಿದ್ದವು.

ಈ ದೋಷವನ್ನು ತಿದ್ದಲು ನಾಲ್ಕು ವರ್ಷಗಳು ಹಿಡಿದವು. 2019ರ ಜನವರಿ 1ರಿಂದ, ಒಂದೇ ಸದಸ್ಯ ರಾಷ್ಟ್ರದಲ್ಲಿ ನೆಲೆಸಿ ಇತರ ಸದಸ್ಯ ರಾಷ್ಟ್ರಗಳಿಗೆ ವರ್ಷಕ್ಕೆ 10,000 ಯೂರೋಗಳನ್ನು ಮೀರದಂತೆ ಮಾರುವವರು ತಮ್ಮ ದೇಶದ ನಿಯಮವನ್ನೇ ಅನುಸರಿಸಬಹುದೆಂದಾಯಿತು. 1,00,000 ಯೂರೋಗಳವರೆಗೆ ಮಾರುವವರಿಗೆ ಒಂದು ಸಾಕ್ಷ್ಯ ಸಾಕೆಂದಾಯಿತು. ಆದರೆ 10,000 ಯೂರೋಗಳ ವಿನಾಯಿತಿ ಒಕ್ಕೂಟದ ಒಳಗಿನವರಿಗೆ ಮಾತ್ರ. 2020ರ ಕೊನೆಯಲ್ಲಿ ಬ್ರಿಟನ್ ಒಕ್ಕೂಟದ ತೆರಿಗೆಯ ವ್ಯವಸ್ಥೆಯಿಂದ ಹೊರಬಂದಾಗ ಅಲ್ಲಿಯ ಸಣ್ಣ ಮಾರಾಟಗಾರರು ಆ ವಿನಾಯಿತಿಯನ್ನು ಕಳೆದುಕೊಂಡು ಮತ್ತೆ ಮೊದಲಿನ ಸ್ಥಿತಿಗೇ ಬಂದರು.

ಇಷ್ಟರಲ್ಲಿ ಹೊಸ ಬಗೆಯ ಸುಂಕದ ಕಟ್ಟೆಯೊಂದು ತಾನಾಗಿ ರೂಪುಗೊಂಡಿದ್ದಿತು. ಅನೇಕ ಸಣ್ಣ ಉತ್ಪಾದಕರು ದೊಡ್ಡ ಆನ್‌ಲೈನ್ ಮಳಿಗೆಗಳ ಮೂಲಕವೇ ಮಾರತೊಡಗಿದುದರಿಂದ, ಹಣವನ್ನು ಪಡೆಯುವ ಆ ಮಳಿಗೆಯನ್ನೇ ಮಾರಾಟಗಾರನೆಂದು ಭಾವಿಸುವ ನಿಯಮವನ್ನು ಯೂರೋಪು 2015ರಿಂದ ಅನ್ವಯಿಸಿತು. ಇದರ ಸಿಂಧುತ್ವವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2023ರ ಫೆಬ್ರುವರಿ 28ರಂದು ಎತ್ತಿಹಿಡಿಯಿತು. ಇದು ಸರ್ಕಾರಕ್ಕೂ ಅನುಕೂಲ, ಸಣ್ಣವನಿಗೂ ನಿಶ್ಚಿಂತೆ. ಆದರೆ ಸ್ವತಂತ್ರವಾಗಿ ಮಾರುವ ಶಕ್ತಿಯನ್ನು ಕುಂದಿಸಿ ದೊಡ್ಡ ಮಳಿಗೆಯ ಆಶ್ರಯಕ್ಕೆ ಅವನನ್ನು ನೂಕುವುದೂ ಇದೇ ಅನುಕೂಲವೆಂಬುದನ್ನು ಮರೆಯಲಾಗದು.

ಯೂರೋಪಿನ ಮಾದರಿ ಶೀಘ್ರವಾಗಿ ಹಬ್ಬಿತು. ನಾರ್ವೆಯು 2011ರಲ್ಲಿ, ದಕ್ಷಿಣ ಆಫ್ರಿಕವು 2014ರಲ್ಲಿ, ಜಪಾನು 2015ರಲ್ಲಿ, ನ್ಯೂಜಿಲೆಂಡು 2016ರಲ್ಲಿ, ಆಸ್ಟ್ರೇಲಿಯವು 2017ರಲ್ಲಿ ಇಂಥ ನಿಯಮಗಳನ್ನು ಜಾರಿಗೆ ತಂದವು. ಭಾರತದಲ್ಲಿ 2016ರ ಡಿಸೆಂಬರ್ 1ರಿಂದ ಸೇವಾ ತೆರಿಗೆಯ ಅಡಿಯಲ್ಲಿಯೂ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯ ಅಡಿಯಲ್ಲಿಯೂ ಈ ಹೊಣೆ ಪರದೇಶದ ಮಾರಾಟಗಾರನ ಮೇಲೆ ಬಿದ್ದಿತು. ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯು ಗ್ರಾಹಕನ ನೆಲೆಯನ್ನು ನಿರ್ಣಯಿಸಲು ಏಳು ಲಕ್ಷಣಗಳನ್ನು ಹೇಳಿ, ಅವುಗಳಲ್ಲಿ ಪರಸ್ಪರ ವಿರೋಧವಿಲ್ಲದ ಎರಡು ಸಾಕೆಂದು ವಿಧಿಸಿದೆ. ಇಲ್ಲಿಯೂ ಯೂರೋಪಿನ ನಿಯಮದೊಡನೆ ಸಾಮ್ಯವನ್ನು ಕಾಣಬಹುದು. ಇಡೀ ದೇಶದ ಪರವಾಗಿ ಇಂಥ ಪರದೇಶೀಯರನ್ನು ನೋಂದಾಯಿಸುವ ಅಧಿಕಾರವನ್ನು 2017ರಲ್ಲಿ ಬೆಂಗಳೂರು ಪಶ್ಚಿಮದ ಕೇಂದ್ರ ತೆರಿಗೆ ಪ್ರಧಾನ ಆಯುಕ್ತರಿಗೆ ವಹಿಸಿಕೊಡಲಾಯಿತು. ಸುಂಕದಕಟ್ಟೆಯೆಂಬ ಹೆಸರನ್ನು ಉಳಿಸಿಕೊಂಡಿರುವ ನಗರಕ್ಕೇ ಕಾಣದ ಸರಕಿನ ಸುಂಕದ ಹೊಣೆಯೂ ಬಂದಿರುವುದು ಆಕಸ್ಮಿಕವಾದರೂ ಸ್ವಾರಸ್ಯವುಳ್ಳದ್ದು.

ಭಾರತದ ಕಾನೂನಿನಲ್ಲಿಯೂ ಮೇಲೆ ಹೇಳಿದ ಅಸಮತೆ ಇದೆ. ಸ್ವದೇಶದ ಸೇವಾದಾರನಿಗೆ ಸಾಮಾನ್ಯವಾಗಿ 20 ಲಕ್ಷ ರೂಪಾಯಿಗಳ ವಾರ್ಷಿಕ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಪರದೇಶದಿಂದ ನೇರವಾಗಿ ಮಾರುವವನಿಗೆ ಮೊದಲ ರೂಪಾಯಿಯಿಂದಲೇ ಬೇಕು. ಇದರ ಪ್ರತಿಬಿಂಬವನ್ನು ನಮ್ಮವರೂ ಅನುಭವಿಸಬೇಕಾಗಿದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ತನ್ನ ತಂತ್ರಾಂಶವನ್ನು ಜರ್ಮನಿಯ ಒಬ್ಬ ಗೃಹಸ್ಥನಿಗೆ ನೇರವಾಗಿ ಮಾರುವ ತರುಣನು ಮೊದಲ ಮಾರಾಟದಿಂದಲೇ ಅಲ್ಲಿಯ ತೆರಿಗೆಗೆ ಬಾಧ್ಯನಾಗುತ್ತಾನೆ.

ಸ್ವದೇಶದ ಅಂಗಡಿಗೂ ಪರದೇಶದ ಅಂಗಡಿಗೂ ಭೇದವಿರಬಾರದೆಂಬುದೇ ಈ ತೆರಿಗೆಯ ನ್ಯಾಯ. ದೊಡ್ಡ ಸಂಸ್ಥೆಗಳ ವಿಷಯದಲ್ಲಿ ಈ ನ್ಯಾಯವು ಬಹುಮಟ್ಟಿಗೆ ಸಿದ್ಧಿಸಿದೆ. ಆದರೆ ಸಣ್ಣವರ ವಿಷಯದಲ್ಲಿ ಸ್ವದೇಶೀಯನಿಗೆ ಕೊಟ್ಟ ವಿನಾಯಿತಿಯನ್ನು ಪರದೇಶೀಯನಿಗೆ ನಿರಾಕರಿಸಿ, ಯಾವ ಭೇದವನ್ನು ತೊಡೆಯಲು ಕಾನೂನು ಹುಟ್ಟಿತೋ ಆ ಭೇದವನ್ನೇ ಅದು ತಿರುಗುಮುರುಗಾಗಿ ಮತ್ತೆ ಸ್ಥಾಪಿಸಿದೆ. ಕೈಗೆ ಸಿಕ್ಕದವನು ಕಾನೂನನ್ನು ಪಾಲಿಸುವುದು ಅದು ನ್ಯಾಯವೆಂದೂ ಸುಲಭವೆಂದೂ ಅವನಿಗೆ ತೋರಿದಾಗ. 2003ರ ವ್ಯವಸ್ಥೆಯು ಈ ಸತ್ಯವನ್ನು ಅರಿತೇ ಸೌಕರ್ಯವನ್ನು ಒದಗಿಸಿತು. 2019ರ ತಿದ್ದುಪಡಿಯು ಅದನ್ನು ಅರ್ಧಕ್ಕೆ ಮುಂದುವರಿಸಿತು. ಉಳಿದರ್ಧವನ್ನು, ಎಂದರೆ ಎಲ್ಲೆಯಾಚೆಯ ಸಣ್ಣ ಮಾರಾಟಗಾರನಿಗೂ ಒಂದು ನ್ಯಾಯವಾದ ಮಿತಿಯನ್ನು, ರಾಷ್ಟ್ರಗಳು ಪರಸ್ಪರ ಒಪ್ಪಿ ನಿಗದಿಪಡಿಸುವುದು ಮುಂದಿನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.